ನೋಡಿ ಮುಗಿಸದ ವೀಡಿಯೋಗಳು

"ದೊಡ್ಡಮ್ಮಾ, ನಾನು ಅಳಿಸಿಲ್ಲ. ಬೇಕಾದ್ರೆ ಆಣೆ ಇಡ್ತೀನಿ. ಆದ್ರೆ ನಮ್ಮನೇಲಿ ಒಬ್ರೂ ನನ್ನ ಮಾತು ನಂಬ್ತಿಲ್ಲ!"

ಮೇಲಿನ ಮಹಡಿಯ ಹೆಡ್ಮಾಸ್ಟರ ಸೊಸೆ ನಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ನಾನು ಯಾರದೋ ಅಂಗಿಯ ತೋಳು ಹೊಲಿಯುತ್ತಿದ್ದೆ. ಮಷಿನ್ ನಿಲ್ಲಿಸಿದೆ. ಇನ್ನು ಆ ತೋಳು ಇವತ್ತಿಗೆ ಮುಗಿದಂತೆಯೇ ಎಂದು ನನಗೆ ಗೊತ್ತಾಯಿತು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಕಟ್ಟಡದಲ್ಲಿ ಸೈಕಲ್ ಕಳೆದರೂ, ಲಿಫ್ಟಿನ ಗೋಡೆಯ ಮೇಲೆ ಯಾರೋ ಗೀಚಿದರೂ ಜನ ಓಡಿ ಬರುವುದು ಅವರ ಹತ್ತಿರ. ಬಂದವರಿಗೆಲ್ಲ ಚಹಾ ಮಾಡಿ ಸಾಯುವವಳು ಮಾತ್ರ ನಾನು.

ಸೊಸೆ ಹೇಳಿದ್ದಿಷ್ಟು. ಅವಳ ಅತ್ತೆ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅವರ ಮನೆಯ ಟೀವಿಗೊಂದು ಸಣ್ಣ ಡಬ್ಬಿ ಸಿಕ್ಕಿಸಿದ್ದರು. ಅದರೊಳಗೆ ಮೀಡಿಯಾ ಸೆಂಟರ್ ಸಾಫ್ಟ್‌ವೇರ್; ಮನೆಯವರ ಸಿನಿಮಾ, ಹಾಡು, ಫೋಟೋ ಎಲ್ಲವೂ ಅಲ್ಲೇ. ಟೀವಿ ರಿಪೇರಿ ಮಾಡುವ ಅವಳ ಮೈದುನ ಅದನ್ನು ಕೂರಿಸಿದ್ದ. ತೆರೆದರೆ ಮನೆಯ ಒಬ್ಬೊಬ್ಬರ ಮುಖವೂ ಪರದೆಯ ಮೇಲೆ ಬರುತ್ತಿತ್ತು; ಮುಖ ಒತ್ತಿದರೆ ಅವರವರ ಮೂಲೆ. ಅತ್ತೆಯ ಮೂಲೆಯಲ್ಲಿ ಅವರು ಟೀವಿಯಿಂದ ರೆಕಾರ್ಡ್ ಮಾಡಿಕೊಂಡ ಧಾರಾವಾಹಿಗಳಿರುತ್ತಿದ್ದವು. ಅವರು ಹೋದ ಮೇಲೆ ಈಕೆಯ ಗಂಡ, ಕನ್ನಡಕದ ಅಂಗಡಿ ಇಟ್ಟಿರುವ ದೊಡ್ಡ ಮಗ, ಅಮ್ಮ ಇರುವ ವೀಡಿಯೋಗಳನ್ನೆಲ್ಲ ಅದೇ ಮೂಲೆಗೆ ಹಾಕಿ ಮನೆಯ ಫೋನುಗಳನ್ನು ಖಾಲಿ ಮಾಡಿದ್ದ.

"ಯಾರೂ ಅದನ್ನ ಹಾಕ್ಕೊಂಡು ಅಳ್ತಾ ಕೂರಬೇಡಿ ಅಂತ ಮಾವ ಆಗಲೇ ಗದರಿದ್ರು. ಅದಕ್ಕೇ ನಾವ್ಯಾರೂ ಮುಟ್ಟಿಲ್ಲ. ನಿನ್ನೆ ಅತ್ತೆಯ ತಂಗಿ ಬಂದು ಅಕ್ಕನ್ನ ನೋಡ್ಬೇಕು ಅಂದ್ರು. ತೆಗೆದು ನೋಡಿದ್ರೆ ಏನಿದೆ? ಬಹುಪಾಲು ಮಾಯ! ಎಲ್ಲೋ ಕೆಲವು ಉಳಿದಿವೆ."

"ನಿನ್ನ ಮೇಲೇ ಯಾಕೆ ಗೂಬೆ ಕೂರಿಸಿದ್ರು?"

ಅವಳು ತಲೆ ತಗ್ಗಿಸಿದಳು. "ಅತ್ತೆ ಧಾರಾವಾಹಿ ಜೋರಾಗಿ ಹಾಕೋರು. ಒಂದ್ಸಲ ತಲೆಕೆಟ್ಟು, ‘ಇದನ್ನೆಲ್ಲ ಒಂದಿನ ಅಳಿಸಿ ಹಾಕ್ತೀನಿ ನೋಡ್ತಿರಿ’ ಅಂದುಬಿಟ್ಟಿದ್ದೆ. ನಿನ್ನೆ ಇವರು ಅದನ್ನೇ ಎತ್ತಿದ್ರು. ‘ನಮ್ಮಮ್ಮನ್ನ ಅಳಿಸಿದವಳ ಜೊತೆ ನಾನು ಸಂಸಾರ ಮಾಡಲ್ಲ’ ಅಂದ್ರು, ಚಿಕ್ಕತ್ತೆ ಮುಂದೇನೇ. ನಾಚಿಕೆಯಿಂದ ಸತ್ತೇಹೋದೆ."

"ನಿಮ್ಮ ಮಾವ?"

"ಹೌದು ಅನ್ಲಿಲ್ಲ, ಅಲ್ಲ ಅನ್ಲೂ ಇಲ್ಲ."

ದೊಡ್ಡಮ್ಮ ಕನ್ನಡಕ ಹುಡುಕಿದರು. ಅದು ಅವರ ತಲೆಯ ಮೇಲೇ ಇತ್ತು. "ನಡಿ," ಎಂದರು.

ಆ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ದೊಡ್ಡ ಮಗನದು ಗಂಟುಮುಖ. ಕಿರಿಯವನು ಡಬ್ಬಿಯ ಮುಂದೆ ಕೈಚೆಲ್ಲಿ ಕೂತಿದ್ದ. ಹೋದ ವೀಡಿಯೋಗಳ ಜಾಗದಲ್ಲಿ ಬೇರೆ ಏನೇನೋ ತುಂಬಿಕೊಂಡಿದ್ದರಿಂದ ಅವು ಮರಳಿ ಬರುವ ಹಾಗಿರಲಿಲ್ಲ. ಹೆಡ್ಮಾಸ್ಟರು ಪೇಪರಿನ ಹಿಂದಿದ್ದರು.

"ನೀವೇನಾದ್ರೂ ಇದನ್ನ ಹಾಕಿದ್ರಾ, ಮೇಷ್ಟ್ರೇ?" ದೊಡ್ಡಮ್ಮ ಕೇಳಿದರು.

"ನಾನಾ? ಆ ರಿಮೋಟು ಹಿಡಿದವನೇ ಅಲ್ಲ ನಾನು," ಎಂದರು ಅವರು, ಪೇಪರು ಮಡಿಸದೆಯೇ.

ಕಿರಿಯವನು ಅಮ್ಮನ ಮೂಲೆ ತೆರೆದು ತೋರಿಸಿದ. ಉಳಿದಿದ್ದ ವೀಡಿಯೋಗಳ ಕೆಳಗೆಲ್ಲ ಒಂದೊಂದು ಕೆಂಪು ಗೆರೆ ಅರ್ಧದವರೆಗೆ ಬಂದು ನಿಂತಿತ್ತು.

"ಈ ಗೆರೆ ಏನಪ್ಪಾ?"

"ಎಲ್ಲಿವರೆಗೆ ನೋಡಿದ್ದಾರೆ ಅನ್ನೋದು. ಮತ್ತೆ ಹಾಕಿದ್ರೆ ಅಲ್ಲಿಂದಲೇ ಶುರುವಾಗತ್ತೆ."

"ಸ್ವಲ್ಪ ಹಿಂದಕ್ಕೆ ಓಡಿಸಿ ಹಾಕು. ಗೆರೆ ನಿಂತಿದ್ದ ಜಾಗ ಬಂದ ಕೂಡ್ಲೇ ನಿಲ್ಲಿಸು."

ಪರದೆಯ ಮೇಲೆ ಅವರಮ್ಮ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, ನಗುತ್ತ ಏನೋ ಹೇಳುತ್ತಿದ್ದರು. ಪಕ್ಕದ ಕೋಣೆಯಿಂದ ಗಂಡನ ದನಿ: "ಸಾಕು ಮಾಡೇ ನಿನ್ನ ಪುರಾಣ!" ಅಲ್ಲಿಗೆ ಗೆರೆ ಬಂತು. ಇನ್ನೊಂದರಲ್ಲಿ ಬಾಲ್ಕನಿಯ ಗಿಡಕ್ಕೆ ನೀರು ಹಾಕುತ್ತಿದ್ದರು. "ಬಾಯಿ ಮುಚ್ಕೊಂಡು ಒಳಗೆ ಬಾ!" ಮಿಕ್ಕವೂ ಇಂಥವೇ. ಮನೆಯವರು ಇದಕ್ಕೆಲ್ಲ ಒಗ್ಗಿಹೋದವರು, ಯಾರೂ ಹುಬ್ಬೇರಿಸಲಿಲ್ಲ. ನನಗೆ ಮಾತ್ರ ಮೈ ಉರಿಯಿತು.

ದೊಡ್ಡಮ್ಮ ರಿಮೋಟು ಇಸಕೊಂಡು ಅದನ್ನೂ ಇದನ್ನೂ ಒತ್ತಿದರು. "ಅಯ್ಯೋ, ಇದೆಲ್ಲಿಗೋ ಹೋಯ್ತಲ್ಲಪ್ಪ!"

"ಎಡಗಡೆ ಬಾಣ ಒತ್ತಿ, ಆಮೇಲೆ ನಡುವಿನ ಗುಂಡಿ," ಎಂದಿತು ಪೇಪರಿನ ಹಿಂದಿನಿಂದ ಒಂದು ದನಿ. ದೊಡ್ಡಮ್ಮ ಹಾಗೇ ಒತ್ತಿದರು. ಅಮ್ಮನ ಮೂಲೆ ಮತ್ತೆ ಬಂತು.

ಆಮೇಲೆ ಅವರು ಕಿರಿಯವನನ್ನು ಬಾಲ್ಕನಿಗೆ ಕರೆದರು. "ನಿಮ್ಮಮ್ಮ ದಿನಾ ಅಷ್ಟೊಂದು ರೆಕಾರ್ಡ್ ಮಾಡ್ತಿದ್ರಲ್ಲ, ಡಬ್ಬಿ ತುಂಬಿ ಹೋಗ್ತಿರ್ಲಿಲ್ವಾ?"

"ಇಲ್ಲ, ಅದಕ್ಕೆ ನಾನು..." ಎಂದವನು ಅಲ್ಲಿಗೇ ನಿಂತು ಹಣೆ ಚಚ್ಚಿಕೊಂಡ.

"ನಿಮ್ಮ ಚಿಕ್ಕಮ್ಮನ್ನ ಕರೆಸು," ಎಂದರು ದೊಡ್ಡಮ್ಮ. "ಆ ಹುಡುಗಿಗೆ ಯಾರ ಮುಂದೆ ಮಾತು ಬಂತೋ, ಅವರ ಮುಂದೇನೇ ಅದು ಕಳೀಬೇಕು."

ಚಿಕ್ಕಮ್ಮ ಬಂದು ಕೂತ ಮೇಲೆ ದೊಡ್ಡಮ್ಮ ಶುರುಮಾಡಿದರು.

"ಯಾರೂ ಬೇಕಂತ ಅಳಿಸಿಲ್ಲ. ಅಳಿಸಿದ್ದು ಸಾಫ್ಟ್‌ವೇರು. ಧಾರಾವಾಹಿ ತುಂಬ್ಕೋಬಾರ್ದು ಅಂತ ಕಿರಿಯವನು ಅಮ್ಮನ ಮೂಲೆಗೊಂದು ನಿಯಮ ಹಾಕಿದ್ದ: ಕೊನೇವರೆಗೆ ನೋಡಿದ್ದು ತಾನಾಗೇ ಹೋಗ್ಬೇಕು. ಅಮ್ಮ ಹೋದ್ಮೇಲೆ ಅದನ್ನ ತೆಗೆಯೋದು ಮರೆತ. ದೊಡ್ಡವನು ಅದು ಅಮ್ಮನ ಜಾಗ ಅಂತ ಎಲ್ಲ ವೀಡಿಯೋನೂ ಅಲ್ಲಿಗೇ ಹಾಕಿದ. ಅಮ್ಮನ್ನೂ ಧಾರಾವಾಹಿ ಅಂದ್ಕೊಂಡಿತು ಆ ಡಬ್ಬಿ."

ದೊಡ್ಡ ಮಗ ತಮ್ಮನನ್ನು ದಿಟ್ಟಿಸಿದ.

"ಇನ್ನು, ಕೊನೇವರೆಗೆ ನೋಡಿದ್ದು ಯಾರು? ದ್ವೇಷ ಇದ್ದವರು ಕೂತು ನೋಡಲ್ಲ, ಒಂದೇ ಸಲಕ್ಕೆ ಎಲ್ಲ ಅಳಿಸ್ತಾರೆ. ಸೊಸೆ ಹಗಲೆಲ್ಲ ಹಲ್ಲಿನ ಆಸ್ಪತ್ರೆ ಕೌಂಟರಿನಲ್ಲಿರ್ತಾಳೆ, ಮಕ್ಕಳಿಬ್ರೂ ಕೆಲಸದಲ್ಲಿ. ಮನೇಲಿ ಉಳಿಯೋರು ಒಬ್ರೇ. ರಿಮೋಟು ಹಿಡಿದೇ ಇಲ್ಲ ಅಂದೋರು ನಂಗೆ ಗುಂಡಿ ಹೇಳಿಕೊಟ್ರು. ಅದೂ ಸಾಲದು ಅನ್ನಿ. ಉಳಿದಿರೋದನ್ನ ನೋಡಿ. ಎಲ್ಲ ಗೆರೆನೂ ನಿಂತಿರೋದು ಒಂದೇ ಥರದ ಜಾಗದಲ್ಲಿ, ಮೇಷ್ಟ್ರ ಗದರಿಕೆ ಕೇಳಿದ ತಕ್ಷಣ. ಬೇರೆ ಯಾರಾದ್ರೂ ಅದನ್ನ ದಾಟಿ ಮುಂದೆ ಹೋಗೋರು. ಆ ದನಿ ಕೇಳೋಕಾಗದೆ ಟೀವಿ ಆರಿಸೋದು ಆ ದನಿ ಯಾರದ್ದೋ ಅವರೇ."

ಪೇಪರು ಕೆಳಗಿಳಿಯಿತು. ಇಡೀ ಶಾಲೆಯನ್ನು ನಡುಗಿಸಿದ್ದ ಮನುಷ್ಯನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

"ದಿನಾ ನೋಡ್ತಿದ್ದೆ," ಎಂದರು. "ನೋಡಿದ್ದು ಮಾರನೇ ದಿನ ಕಾಣ್ತಿರ್ಲಿಲ್ಲ. ಒಳಗೆಲ್ಲೋ ಹೋಗಿ ಸೇರ್ಕೊಂಡಿರತ್ತೆ ಅಂದ್ಕೊಂಡೆ. ನಿನ್ನೆ ತಿಳೀತು, ನನ್ನಿಂದಲೇ ಹೋಗಿದೆ ಅಂತ. ಅಳಬೇಡಿ ಅಂತ ಇವರ ಬಾಯಿ ಮುಚ್ಚಿಸಿದವನು ನಾನು, ಕದ್ದು ಕೂತು ಅಳ್ತಿದ್ದೆ ಅಂತ ಹೇಗೆ ಹೇಳ್ಲಿ? ಅಷ್ಟರಲ್ಲಿ ಸೊಸೆ ಹೆಸರು ಬಂತು. ಸುಮ್ಮನಿದ್ದುಬಿಟ್ಟೆ. ಥೂ, ನನ್ನ ಜನ್ಮಕ್ಕೆ!"

ದೊಡ್ಡ ಮಗ ಹೆಂಡತಿಯ ಹತ್ತಿರ ಬಂದು, "ತಪ್ಪಾಯ್ತು ಕಣೇ, ನಿನ್ನ ಕೇಳ್ದೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಎಂದ. ಅವಳು ಅವನತ್ತ ತಿರುಗಲಿಲ್ಲ. ತಿರುಗದಿದ್ದುದೇ ಸರಿ ಎಂದು ನನಗನ್ನಿಸಿತು. ಕಿರಿಯವನು ಆ ಹಾಳು ನಿಯಮವನ್ನು ತೆಗೆದುಹಾಕಿದ.

"ಇನ್ನು ಅಳಿಸಿ ಹೋಗಲ್ವಾ?" ಹೆಡ್ಮಾಸ್ಟರು ಕೇಳಿದರು. ಇಲ್ಲವೆಂದು ಅವನು ತಲೆಯಾಡಿಸಿದ. ಅವರು ಸೊಸೆಯ ಕಡೆ ನೋಡಿದರು. "ಹಾಕಮ್ಮ. ಕೊನೇವರೆಗೆ ಹಾಕು. ನನ್ನ ಬಾಯಿ ಎಂಥದ್ದು ಅಂತ ಎಲ್ಲರೂ ಕೇಳ್ಲಿ."

ಅವಳು ಅಡುಗೆಮನೆಯ ವೀಡಿಯೋ ಹಾಕಿದಳು. ನಗು, ಮಾತು, ಆಮೇಲೆ "ಸಾಕು ಮಾಡೇ ನಿನ್ನ ಪುರಾಣ!" ಹೆಡ್ಮಾಸ್ಟರು ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. ಈ ಸಲ ಗೆರೆ ಮುಂದೆ ಹೋಯಿತು. ಪರದೆಯಲ್ಲಿ ಆಕೆ ಚಾಕು ಕೆಳಗಿಟ್ಟರು. ಒಮ್ಮೆ ಪಕ್ಕದ ಕೋಣೆಯತ್ತ ನೋಡಿ, ದನಿ ತಗ್ಗಿಸಿ, ಫೋನು ಹಿಡಿದಿದ್ದ ಸೊಸೆಗೆ ಹೇಳಿದರು:

"ಇದನ್ನ ಅಳಿಸ್ಬಿಡಮ್ಮ. ನಾಳೆ ಯಾರಾದ್ರೂ ನೋಡಿದ್ರೆ ಅವರ ಮರ್ಯಾದೆ ಹೋಗತ್ತೆ."

"ಆಯ್ತತ್ತೆ, ಅಳಿಸ್ತೀನಿ," ಎಂದಿತು ಸೊಸೆಯ ದನಿ. ಅಲ್ಲಿಗೆ ಮುಗಿಯಿತು.

ಚಿಕ್ಕಮ್ಮ ಬಿಕ್ಕಿ ಅಳತೊಡಗಿದರು. ಹೆಡ್ಮಾಸ್ಟರು ಸೊಸೆಯತ್ತ ತಿರುಗಿದರು.

"ಮತ್ತೆ ಯಾಕಮ್ಮ ಅಳಿಸ್ಲಿಲ್ಲ ನೀನು?"

"ಅದ್ರಲ್ಲಿ ಅತ್ತೆ ಎಷ್ಟು ಚೆನ್ನಾಗಿ ನಗ್ತಿದ್ರು, ಮಾವ," ಎಂದಳು ಅವಳು. "ನೀವು ಗದರೋಕೆ ಮುಂಚೆ."

ಹೆಡ್ಮಾಸ್ಟರು ಎದ್ದು, ಎಲ್ಲರೂ ನೋಡುತ್ತಿದ್ದಂತೆ, ಸೊಸೆಯ ಮುಂದೆ ಕೈಮುಗಿದು ನಿಂತರು. ದೊಡ್ಡಮ್ಮ ನನ್ನ ಮೊಣಕೈ ಹಿಡಿದು ಹೊರಗೆ ಕರೆತಂದರು.