ದಡದಲ್ಲಿ ಉಳಿದ ಒಬ್ಬರು

ಹಡಗಿನ ಬಾಗಿಲಲ್ಲಿ ಹಾಸಿದ್ದ ಕಪ್ಪು ಹಲಗೆಯ ಮೇಲೆ ನೀಲಾಂಬಿಕಾ ಹೊಸಮನಿ ಕಾಲಿಟ್ಟು ಒಳಗೆ ಬಂದರು. ಪಕ್ಕದ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಇಬ್ಬರು. ಅವರ ಹಿಂದೆ ಯಾರೂ ಇರಲಿಲ್ಲ. ಮುಂದಿನ ಪ್ರಯಾಣಿಕ ಇನ್ನೂ ಏಣಿಯ ಕೆಳಗೆ, ರಬ್ಬರ್ ದೋಣಿಯಲ್ಲಿ ಕುಳಿತು ಬೂಟಿನ ಹಿಮ ಒದರುತ್ತಿದ್ದ.

ಆ ಹಲಗೆಯ ಹೆಸರು ಹೆಜ್ಜೆಮಣೆ. ದಕ್ಷಿಣ ಧ್ರುವದ ಹಿಮದ ದಡಗಳಿಗೆ ಪ್ರವಾಸಿಗರನ್ನು ಒಯ್ಯುವ ‘ಶ್ವೇತಗಾಮಿ’ ಹಡಗಿನಲ್ಲಿ ಅದರ ಮೊದಲ ಪರೀಕ್ಷೆ ನಡೆಯುತ್ತಿತ್ತು. ಇಂಥ ಹಡಗಿಗೆ ಒಂದೇ ದೊಡ್ಡ ತಲೆನೋವು, ದಡಕ್ಕೆ ಇಳಿದವರೆಲ್ಲ ಹಿಂತಿರುಗಿದರೇ ಎಂಬುದು. ಹಿಂದೆ ಪ್ರತಿಯೊಬ್ಬರಿಗೂ ಒಂದು ಬಿಲ್ಲೆ ಕೊಟ್ಟು, ಇಳಿಯುವಾಗ ಒಂದು ಮೊಳೆಗೆ, ಹತ್ತುವಾಗ ಇನ್ನೊಂದು ಮೊಳೆಗೆ ಹಾಕಿ ಎನ್ನುತ್ತಿದ್ದರು. ಪೆಂಗ್ವಿನ್ ನೋಡಿ ಬಂದ ಸಂಭ್ರಮದಲ್ಲಿ ಬಿಲ್ಲೆಯ ನೆನಪು ಯಾರಿಗಿರುತ್ತದೆ? ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಹಾಕಿ ನೇರವಾಗಿ ಊಟಕ್ಕೆ ನಡೆಯುತ್ತಿದ್ದರು.

ಮನುಷ್ಯ ಮರೆತರೂ ಅವನ ಪಾದ ಮರೆಯುವುದಿಲ್ಲ ಎಂದುಕೊಂಡು ಡಾ. ಮೇದಿನಿ ಹೆಬ್ಬಾರ್ ಈ ಮಣೆಯನ್ನು ರೂಪಿಸಿದ್ದರು. ಅದರೊಳಗಿನ ಸೂಕ್ಷ್ಮ ಒತ್ತಡಗ್ರಾಹಿಗಳು ಹೆಜ್ಜೆಯ ಭಾರ, ವಾಲಿಕೆ, ಲಯವನ್ನು ಅಳೆದು ಎಷ್ಟು ಜನ ದಾಟಿದರೆಂದು ಹೇಳುತ್ತಿದ್ದವು. ಯಾರು ದಾಟಿದರೆಂದು ಹೇಳುತ್ತಿರಲಿಲ್ಲ; ಪ್ರಯಾಣಿಕರ ಗುರುತು ಕೂಡಿಡಬಾರದೆಂದು ಕಾನೂನಿತ್ತು. ಬೆನ್ನ ಮೇಲಿನ ಮಗುವಾಗಲಿ, ಹೆಗಲಿಗೆ ಒರಗಿದ ಗಾಯಾಳುವಾಗಲಿ ಲೆಕ್ಕ ತಪ್ಪಬಾರದಲ್ಲ? ಅವರ ಪಾದ ತಾಗದಿದ್ದರೂ ಹೊತ್ತವರ ನಡಿಗೆಯಿಂದಲೇ ಮಣೆ ಅವರನ್ನು ಊಹಿಸುತ್ತಿತ್ತು. ಹೀಗೆ ಊಹಿಸಿದ ಇನ್ನೊಬ್ಬರಿಗೆ ಮೇದಿನಿ ‘ಭಾರಛಾಯೆ’ ಎಂದು ಹೆಸರಿಟ್ಟಿದ್ದರು. ದಡದಲ್ಲಿ ಒಬ್ಬರು ಉಳಿದಿದ್ದಾರೆಂದು ಮಣೆ ಹೇಳಿದರೆ ಲಂಗರು ಮೇಲೇಳುತ್ತಿರಲಿಲ್ಲ. ಆ ಲೆಕ್ಕವನ್ನು ಕೈಯಾರೆ ಮುಗಿಸುವ ಕೀಲಿ ಮೇದಿನಿಯವರ ಹತ್ತಿರ ಮಾತ್ರ ಇತ್ತು.

ಮೊದಲ ದಡದಿಂದಲೂ ಒಬ್ಬರು ಹೆಚ್ಚು ಇಳಿಯುತ್ತಿದ್ದರು, ಒಬ್ಬರು ಹೆಚ್ಚು ಹತ್ತುತ್ತಿದ್ದರು. ಲೆಕ್ಕ ಸರಿಹೋಗುತ್ತಿದ್ದರಿಂದ ಯಾರಿಗೂ ತೊಂದರೆಯಿರಲಿಲ್ಲ. ಮೇದಿನಿಗೆ ಮಾತ್ರ ಸಮಾಧಾನವಿರಲಿಲ್ಲ. ಮಣೆಯನ್ನು ಬಿಚ್ಚಿದರು, ಒರೆಸಿದರು, ಮತ್ತೆ ಜೋಡಿಸಿದರು. ಆ ಹೆಚ್ಚಿನ ಒಬ್ಬರು ನೀಲಾಂಬಿಕಾ ಅವರ ಜೊತೆಗೇ ಬರುತ್ತಾರೆಂದು ತಿಳಿದ ಮೇಲೆ ಅವರನ್ನು ಚಹಾಕ್ಕೆ ಕರೆದು, ಎಡಹೆಗಲಿನಲ್ಲಿ ನೋವೇನಾದರೂ ಇದೆಯೇ ಎಂದು ಸುತ್ತುಬಳಸಿ ಕೇಳಿದರು.

“ನಿಮ್ಮ ಮಣಿ ಬರೋಬರಿ ಐತ್ರಿ,” ಎಂದರು ನೀಲಾಂಬಿಕಾ.

ಅವರು ಗದುಗಿನವರು. ಗಂಡ ವೀರಭದ್ರಪ್ಪ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದರು. ಬಣ್ಣದ ಜೊತೆ ಬದುಕಿದ ಮನುಷ್ಯನಿಗೆ ಕಣ್ಣು ಹೋಗಿ, ಹಗಲೂ ಇರುಳೂ ಬರೀ ಬಿಳುಪು ಉಳಿಯಿತು. ಅಲ್ಲಿಂದ ಕೊನೆಯವರೆಗೂ ಹೆಂಡತಿಯ ಎಡಹೆಗಲ ಮೇಲೆ ಕೈಯಿಟ್ಟು ಅರ್ಧ ಹೆಜ್ಜೆ ಹಿಂದೆ ನಡೆದರು. ಅವರ ಕಾಲಿಗೆ ನೆಲ ಸಿಗುವವರೆಗೆ ಈಕೆ ಕಾಯಬೇಕು, ಆಮೇಲೆ ಮುಂದಿನ ಹೆಜ್ಜೆ. ಧ್ರುವಯಾತ್ರೆ ಅವರದೇ ಆಸೆ. ಅಲ್ಲಿ ಕಣ್ಣಿದ್ದವರಿಗೂ ಬರೀ ಬಿಳುಪೇ ಕಾಣುತ್ತದೆ, ಅಲ್ಲಿ ನಾನೂ ನೀನೂ ಸಮ ಎಂದು ನಗುತ್ತಿದ್ದರಂತೆ. ಇಬ್ಬರಿಗೂ ಜಾಗ ಕಾದಿರಿಸಿದ ಮೇಲೆ, ಶ್ರಾವಣದಲ್ಲಿ ತೀರಿಕೊಂಡರು. ನೀಲಾಂಬಿಕಾ ಒಬ್ಬರೇ ಹೊರಟು ಬಂದಿದ್ದರು.

ಮೇದಿನಿಗೆ ಎಲ್ಲ ಅರ್ಥವಾಯಿತು. “ಅಮ್ಮಾ, ಇದು ದೇಹದ ರೂಢಿ. ಕೈ ಇಲ್ಲದಿದ್ದರೂ ನಿಮ್ಮ ಹೆಗಲು ವಾಲಿಕೊಂಡೇ ಇದೆ. ಹೆಜ್ಜೆ ಹೆಜ್ಜೆಗೂ ಒಂಚೂರು ಕಾಯ್ತೀರಿ. ಮಣೆ ಅದನ್ನ ಇನ್ನೊಬ್ಬರು ಅಂದ್ಕೊಳ್ಳುತ್ತೆ. ಸರಿಪಡಿಸ್ತೀನಿ.”

“ಸರಿಪಡಸೂದು ಅಂದ್ರ ಅವರನ್ನ ತಗದು ಹಾಕೂದೇನ್ರಿ?” ನೀಲಾಂಬಿಕಾ ಲೋಟವನ್ನು ಕೆಳಗಿಟ್ಟರು. “ಊರಾಗ ಎಲ್ಲಾರೂ ಅವರು ಹೋದ್ರು ಅಂತಾರ. ಅದಾರ ಅಂದದ್ದು ನಿಮ್ಮ ಮಣಿ ಒಂದ.”

ವಿಜ್ಞಾನಿಯೆಂದ ಮಾತ್ರಕ್ಕೆ ಕಲ್ಲೆದೆ ಇರಬೇಕೆಂದೇನಿಲ್ಲ. ಮೇದಿನಿ ಏನನ್ನೂ ಸರಿಪಡಿಸಲಿಲ್ಲ.

ಕೊನೆಯ ದಡ ಒಂದು ಸಣ್ಣ ಕೊಲ್ಲಿಯಲ್ಲಿತ್ತು. ಜನ ಇಳಿದು ಅಡ್ಡಾಡುತ್ತಿದ್ದಾಗ ಗಾಳಿ ತಿರುಗಿ, ತೇಲುವ ಮಂಜುಗಡ್ಡೆಗಳನ್ನು ಕೊಲ್ಲಿಯ ಕಡೆಗೆ ತಳ್ಳತೊಡಗಿತು. ಎಲ್ಲರನ್ನೂ ಅವಸರದಿಂದ ದೋಣಿ ಹತ್ತಿಸಿದರು. ಹತ್ತುವುದೆಲ್ಲ ಮುಗಿದಾಗ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತ್ತು: ದಡದಲ್ಲಿ ಒಬ್ಬರು.

ನೀಲಾಂಬಿಕಾ ಅವರ ಸಂಗತಿ ಕ್ಯಾಪ್ಟನ್ ಸಾಲಿಯಾನರಿಗೂ ಗೊತ್ತಿತ್ತು. “ಆ ಅಮ್ಮ ಕಡೆಗೂ ಗಂಡನನ್ನು ಇಲ್ಲಿ ಬಿಟ್ಟು ಬಂದಿದ್ದಾರೆ ಮಾರಾಯ್ರೆ. ಒಳ್ಳೆಯದೇ ಆಯಿತು. ಲೆಕ್ಕ ಮುಗಿಸಿ, ದಾರಿ ಕಟ್ಟುವ ಮೊದಲು ಹೊರಡುವ,” ಎಂದರು.

ಮೇದಿನಿಗೂ ಹಾಗೇ ಅನ್ನಿಸಿತು. ಒಂದು ದುಃಖ ಇಳಿದದ್ದನ್ನು ತನ್ನ ಯಂತ್ರ ಹಿಡಿದುಕೊಟ್ಟಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಕೀಲಿ ಕೈಗೆ ತೆಗೆದುಕೊಂಡರು. ಆದರೆ ಆಕೆಗೆ ಒಂದು ಮಾತು ಹೇಳದೆ ಅಳಿಸಲು ಮನಸ್ಸು ಬರಲಿಲ್ಲ. ಬೂಟು ಬಿಚ್ಚುತ್ತಿದ್ದ ನೀಲಾಂಬಿಕಾ ಅವರ ಬಳಿ ಹೋಗಿ ಹೇಳಿದರು.

“ಇಲ್ಲರಿ. ಅವರು ನನ್ನ ಕೂಡನ ಬಂದಾರ. ಉಳದಾವರು ಬ್ಯಾರೆ ಯಾರೋ.”

ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು ಬಾಗಿಲಿಗೆ ಬಂದರು. ಮೇದಿನಿ ಎಣಿಕೆಯನ್ನು ತಡೆಹಿಡಿದು, ಪರೀಕ್ಷೆಗೆಂದು ಅವರನ್ನು ಮಣೆಯ ಮೇಲೆ ನಡೆಸಿದರು. ಪರದೆ ಹೇಳಿತು: ಇಬ್ಬರು.

ಮೇದಿನಿ ಕೀಲಿಯನ್ನು ಜೇಬಿಗೆ ಹಾಕಿದರು. ಸತ್ತವರು ಹಡಗಿನಲ್ಲಿದ್ದರೆ ದಡದಲ್ಲಿರುವುದು ಬದುಕಿರುವ ಮನುಷ್ಯ.

ಯಾರು? ಗಂಡಂದಿರು ಹೆಂಡಿರನ್ನು ನೋಡಿಕೊಂಡರು, ಗೆಳೆಯರು ಗೆಳೆಯರನ್ನು ನೋಡಿಕೊಂಡರು. ಯಾರಿಗೂ ಯಾರೂ ಕಡಿಮೆಯಿರಲಿಲ್ಲ. ಕಪ್ಪು ಬಂಡೆಯ ಹತ್ತಿರ ಒಬ್ಬರೇ ಕೂತಿದ್ದ ಕಂದು ಟೋಪಿಯವರು ಬಂದರೇ ಎಂದು ನೀಲಾಂಬಿಕಾ ಕೇಳಿದರು. ಆಗ ಊಟ ಬಡಿಸುವವನಿಗೆ ನೆನಪಾಯಿತು: ಕಾರವಾರದ ಲಾರೆನ್ಸ್ ರೊಸಾರಿಯೊ. ಒಬ್ಬರೇ ಬಂದವರು, ಮೂಲೆಯ ಮೇಜಿನಲ್ಲಿ ಒಬ್ಬರೇ ಉಣ್ಣುವವರು. ಅವರ ಕೋಣೆ ಖಾಲಿಯಿತ್ತು.

ಬಂಡೆಯನ್ನು ಕಂಡಿದ್ದ ನೀಲಾಂಬಿಕಾ, ತಾನೇ ದಾರಿ ತೋರಿಸುತ್ತೇನೆಂದು ಹಟ ಹಿಡಿದರು. ಮಾರ್ಗದರ್ಶಿಯೊಬ್ಬ ದೋಣಿಗೆ ಇಳಿದ. ಪರದೆ ಒಬ್ಬರು ಎಂದಿತು. ಅವನ ಹಿಂದೆ ನೀಲಾಂಬಿಕಾ ಇಳಿದರು, ಆಕೆಯೊಬ್ಬರಿಗೇ ಇಬ್ಬರು ಎಂದಿತು.

ರೊಸಾರಿಯೊ ಬಂಡೆಯ ಹಿಂದೆ ಬಿದ್ದಿದ್ದರು. ಕಾಲು ಉಳುಕಿತ್ತು, ಕೂಗಿ ಕೂಗಿ ದನಿ ಉಡುಗಿತ್ತು. ಆಳವಾದ ಹಿಮದಲ್ಲಿ ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದಾದ ದಾರಿ. ಮಾರ್ಗದರ್ಶಿ ಮುಂದೆ ಹಿಮ ತುಳಿಯುತ್ತ ಹೋದ. ಹಿಂದೆ ನೀಲಾಂಬಿಕಾ. ಅವರ ಎಡಹೆಗಲ ಮೇಲೆ ಕೈಯಿಟ್ಟು, ಅರ್ಧ ಹೆಜ್ಜೆ ಹಿಂದೆ, ಕುಂಟುತ್ತ ರೊಸಾರಿಯೊ. ಹಡಗಿನ ಬಾಗಿಲಿಗೂ ಅವರು ಹಾಗೇ ಬಂದರು.

ಮಣೆ ಮಾರ್ಗದರ್ಶಿಯನ್ನು ಒಬ್ಬರೆಂದು, ಹಿಂದಿನವರನ್ನು ಇಬ್ಬರೆಂದು ಎಣಿಸಿತು. ಜನ ಚಪ್ಪಾಳೆ ತಟ್ಟಿದರು. ಮೇದಿನಿ ಪರದೆಯತ್ತ ತಿರುಗಿದರು. ಕೆಂಪು ಅಕ್ಷರ ಹೋಗಿರಲಿಲ್ಲ: ದಡದಲ್ಲಿ ಒಬ್ಬರು.

ಕ್ಯಾಪ್ಟನ್ ಈ ಸಲ ಹಗುರವಾಗಿ ಮಾತಾಡಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮುಖ ನೋಡಿ ಎಣಿಸಿದರು. ಬದುಕಿರುವವರೆಲ್ಲ ಹಡಗಿನಲ್ಲಿದ್ದರು.

“ರೊಸಾರಿಯೊ ಅವರು ಅದೇ ಜಾಗದಲ್ಲಿ ಕೈಯಿಟ್ಟಿದ್ದರಲ್ಲ, ಅದಕ್ಕೇ ಮಣೆ ಇನ್ನೊಬ್ಬರನ್ನ ಎಣಿಸಲಿಲ್ಲ ಅಮ್ಮಾ,” ಎಂದು ಮೇದಿನಿ ಬೇಗ ಬೇಗ ವಿವರಿಸಿದರು. “ನೀವೊಬ್ಬರೇ ನಡೆಯಿರಿ, ಸರಿಹೋಗುತ್ತೆ.”

ಎಣಿಕೆ ತಡೆಹಿಡಿದರು. ನೀಲಾಂಬಿಕಾ ನಡೆದರು. ಒಬ್ಬರು. ತಿರುಗಿ ಹೋಗಿ ಮತ್ತೆ ನಡೆದರು. ಒಬ್ಬರು. ಯಾವಾಗಲೂ ಇಳಿದಿರುತ್ತಿದ್ದ ಅವರ ಎಡಹೆಗಲು ನೆಟ್ಟಗಾಗಿತ್ತು. ಆಕೆ ಬಲಗೈಯಿಂದ ಅದನ್ನು ಮುಟ್ಟಿ ನೋಡಿಕೊಂಡರು.

“ಆ ಮನಷ್ಯಾಗ ಜಾಗಾ ಬಿಟ್ಟುಕೊಟ್ಟು ನಮ್ಮವರು ಅಲ್ಲೇ ಸರದು ನಿಂತಾರ,” ಎಂದರು ನೀಲಾಂಬಿಕಾ. ದಡದ ಕಡೆ ತಿರುಗಿದರು. “ಆದ್ರ ಅವರಿಗೆ ಕಣ್ಣು ಕಾಣಂಗಿಲ್ಲಲ್ರಿ.”

ಮಂಜುಗಡ್ಡೆ ಹತ್ತಿರವಾಗುತ್ತಿತ್ತು, ಇನ್ನು ಕಾಯುವಂತಿರಲಿಲ್ಲ. ಮೇದಿನಿ ಆಕೆಯ ಮುಖ ನೋಡಲಾರದೆ ಕೀಲಿ ತಿರುಗಿಸಿದರು. ಪರದೆ ಖಾಲಿಯಾಯಿತು, ಲಂಗರು ಎದ್ದಿತು.

ಹೊರಡುವಾಗ ಕ್ಯಾಪ್ಟನ್ ಸಾಲಿಯಾನ್ ಉದ್ದಕ್ಕೆ ಸೈರನ್ ಊದಿಸಿದರು. ಸ್ವಲ್ಪ ನಿಲ್ಲಿಸಿ ಮತ್ತೆ ಊದಿಸಿದರು. ಕಾಣದವರಿಗೆ ಕೇಳಿಸಬೇಕಲ್ಲ. ಕಾವಲಿನವನು ಬಾಗಿಲು ಹಾಕಲು ಬಂದಾಗ, ಇನ್ನೊಂಚೂರು ತಡೆಯಿರಿ ಎಂದು ನೀಲಾಂಬಿಕಾ ಕೇಳಿಕೊಂಡರು. ಕೊಲ್ಲಿ ಮರೆಯಾಗುವವರೆಗೂ ಬಾಗಿಲು ತೆರೆದೇ ಇತ್ತು. ಕೊರೆಯುವ ಗಾಳಿ ಒಳಗೆ ನುಗ್ಗುತ್ತಿತ್ತು. ಮುಚ್ಚಿ ಎಂದು ಯಾರೂ ಹೇಳಲಿಲ್ಲ.