ಪರವಾಗಿಲ್ಲ ಎಂದರೆ ಎಷ್ಟು?

"ಹೂಂ ಅಮ್ಮ, ಅದೇ ಗದಗಿನ ಹುಡುಗಿ. ಪರವಾಗಿಲ್ಲ."

ಆಫೀಸಿನ ಬಾಲ್ಕನಿಯಲ್ಲಿ ಫೋನು ಹಿಡಿದು ನಿಂತಿದ್ದ ಯೋಗಾನಂದನ ಈ ಮಾತು, ಟೀ ಕುಡಿಯಲು ಬಂದ ನೀಲಾಂಬಿಕಾಳ ಕಿವಿಗೆ ಬಿತ್ತು. ಅವಳು ಸದ್ದಿಲ್ಲದೆ ಹಿಂದಿರುಗಿದಳು.

ವಿಜಯನಗರದ ಆ ಸಮೀಕ್ಷಾ ಸಂಸ್ಥೆಯಲ್ಲಿ ಗದಗಿನವಳು ಅವಳೊಬ್ಬಳೇ. ಕೆಲಸಕ್ಕೆ ಸೇರಿದಾಗಿನಿಂದ ಯೋಗಾನಂದನ ಕಣ್ಣು ಕಂಪ್ಯೂಟರಿನ ಅಂಚಿನಿಂದ ತನ್ನತ್ತ ಜಾರುವುದನ್ನೂ, ತಾನು ತಿರುಗಿ ನೋಡಿದೊಡನೆ ಗಾಬರಿಬಿದ್ದು ಫ್ಯಾನ್ ನೋಡುವುದನ್ನೂ ಗಮನಿಸಿದ್ದಳು. ಅದು ಅವಳಿಗೆ ಇಷ್ಟವೂ ಆಗಿತ್ತು. ಈಗ ನೋಡಿದರೆ, ಪರವಾಗಿಲ್ಲವಂತೆ!

ಆ ಪದಕ್ಕೆ ಎಷ್ಟು ಅಂಕ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಬಡಾವಣೆಯ ಸಣ್ಣ ಕ್ಲಿನಿಕ್‌ಗಳ ಬಗ್ಗೆ ಜನರ ಅಭಿಪ್ರಾಯ ಅಳೆಯಲು ಯೋಗಾನಂದನೇ ಐದು ಹಂತದ ಸ್ಕೇಲ್ ಮಾಡಿದ್ದ. 'ತುಂಬಾ ಚೆನ್ನಾಗಿದೆ' ಎಂದರೆ ಐದು, 'ತುಂಬಾ ಕೆಟ್ಟದಾಗಿದೆ' ಎಂದರೆ ಒಂದು. ನಟ್ಟನಡುವೆ, ಅತ್ತಲೂ ಇಲ್ಲದ ಇತ್ತಲೂ ಇಲ್ಲದ ಮೂರನೆಯ ಜಾಗದಲ್ಲಿ 'ಪರವಾಗಿಲ್ಲ'.

ಆ ಸ್ಕೇಲನ್ನು ಪರೀಕ್ಷಿಸಲು ಅಂದು ಇಬ್ಬರೂ ಬಸವೇಶ್ವರನಗರಕ್ಕೆ ಹೋಗಬೇಕಿತ್ತು.

"ಇದು ಮುಗಿದ ಮ್ಯಾಲೆ ನನ್ನ ಕೆಂಗೇರಿ ಟೀಮಿಗೆ ಹಾಕ್ರಿ," ಎಂದಳು ಅವನ ಸ್ಕೂಟರ್ ಹತ್ತುತ್ತ.

"ಯಾಕ್ರೀ? ಏನಾಯ್ತು?"

"ಏನೂ ಆಗಿಲ್ಲ. ಮುಂದ ನೋಡಿ ಗಾಡಿ ಹೊಡೀರಿ."

ಮೊದಲ ಮನೆಯಲ್ಲಿ ಬೈರಪ್ಪ ಎಂಬ ಹಿರಿಯರು ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನೀಲಾಂಬಿಕಾ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು ಕೇಳಿದಳು. "ನಿಮ್ಮ ಕ್ಲಿನಿಕ್ ಡಾಕ್ಟರ್ ಹೆಂಗದಾರ್ರೀ, ಅಜ್ಜಾರ?"

"ಪರವಾಗಿಲ್ಲಮ್ಮ."

ಯೋಗಾನಂದ ಮೂರನ್ನು ಗುರುತು ಹಾಕಿಕೊಂಡ. ಅವಳಿಗೇಕೋ ಸಮಾಧಾನವಾಗಲಿಲ್ಲ. "ಮನಿಯಾಗ ಬ್ಯಾರೆ ಯಾರಿಗರ ಆರಾಮಿಲ್ಲಂದ್ರ ಅಲ್ಲಿಗೇ ಕಳಸ್ತೀರೇನು?"

"ಇನ್ನೆಲ್ಲಿಗಮ್ಮ? ನಾನು ಎದೆ ಹಿಡ್ಕೊಂಡು ಬಿದ್ದಾಗ ಊಟ ಬಿಟ್ಟು ಓಡಿಬಂದು ಉಳಿಸಿದ್ರು. ಪುಣ್ಯಾತ್ಮ!" ಮುದುಕರ ಕಣ್ಣು ತುಂಬಿತ್ತು.

"ಮತ್ತ ಬರೇ ಪರವಾಗಿಲ್ಲ ಅಂದ್ರಿ?"

"ಹೂಂ ಮತ್ತೆ. ಅದಕ್ಕಿಂತ ಹೊಗಳಿದ್ರೆ ದೃಷ್ಟಿ ಆಗಲ್ವಾ?"

ಪಕ್ಕದ ಮನೆಯ ಮಾಲಾ ಕೂಡ ಅದೇ ಡಾಕ್ಟರಿಗೆ ಪರವಾಗಿಲ್ಲ ಎಂದಳು, ಮೂಗು ಮುರಿದು. ಮನೆಗೆ ಹತ್ತಿರವೆಂದು ಹೋಗುತ್ತಾಳಂತೆ, ಅಷ್ಟೇ.

ರಸ್ತೆಗೆ ಬಂದ ಯೋಗಾನಂದ ಹೊಂಗೆ ಮರದ ಕೆಳಗೆ ನಿಂತುಬಿಟ್ಟ. "ಒಬ್ರಿಗೆ ಅದು ಐದು, ಇನ್ನೊಬ್ರಿಗೆ ಎರಡು. ನಾನು ಇಬ್ರಿಗೂ ಮೂರು ಹಾಕ್ಕೊಂಡು ಬಂದೆ."

ಅಲ್ಲಿಂದಲೇ ಬಾಸ್ ನಾಗಭೂಷಣ್‌ಗೆ ಫೋನ್ ಮಾಡಿದ. "ಸಾರ್, ನಡುವಿನ ಪದ ತಪ್ಪಾಗಿದೆ. ತಪ್ಪು ನಂದೇ. 'ಚೆನ್ನಾಗಿಯೂ ಇಲ್ಲ, ಕೆಟ್ಟದಾಗಿಯೂ ಇಲ್ಲ' ಅಂತ ಬದಲಾಯಿಸ್ಬೇಕು. ನಾಳೆ ಫೀಲ್ಡ್ ಸರ್ವೇ ಶುರು ಮಾಡೋದು ಬೇಡ. ಇದನ್ನ ಕಂಡುಹಿಡಿದಿದ್ದು ನೀಲಾಂಬಿಕಾ." ಆ ಕಡೆಯ ಕೂಗಾಟ ಅವಳಿಗೂ ಕೇಳಿಸುತ್ತಿತ್ತು. ಅವನು ಮಾತು ಬದಲಿಸಲಿಲ್ಲ.

ಅವನು ಫೋನ್ ಜೇಬಿಗಿಡುವುದನ್ನೇ ಅವಳು ಕಾಯುತ್ತಿದ್ದಳು.

"ಮುಂಜಾನೆ ನಿಮ್ಮವ್ವಗ ನನ್ನ ಬಗ್ಗೆ ಹೇಳಿದ್ರಲ್ಲ, ಅದು ಯಾವ ಪರವಾಗಿಲ್ಲ?"

ಯೋಗಾನಂದನ ಕಿವಿ ಕೆಂಪಾಯಿತು. ಮೇಲೆ ನೋಡಲು ಇಲ್ಲಿ ಫ್ಯಾನ್ ಇರಲಿಲ್ಲ.

"ಕೇಳಿಸ್ತಾ? ಬೈರಪ್ಪನವರದ್ದೇ ಕಣ್ರೀ. ನಮ್ಮನೇಲಿ ಅದಕ್ಕಿಂತ ದೊಡ್ಡ ಮಾತು ಯಾರೂ ಆಡಲ್ಲ. ಆಗ್ಲಿಂದ ಅಮ್ಮ, ಯಾವಾಗ ಕರ್ಕೊಂಡ್ ಬರ್ತೀಯಾ ಅಂತ ಮೆಸೇಜ್ ಮಾಡ್ತಾನೇ ಇದಾರೆ."

"ಅವ್ವಗ ಹೇಳಿದ್ದು ಆತು. ನನಗ ಹೇಳ್ರಿ."

ತರಕಾರಿ ಗಾಡಿಯೊಂದು ಕೂಗುತ್ತ ಹಾದುಹೋಗುವವರೆಗೂ ಅವನು ಕಾದ. ಆಮೇಲೆ, ಮೊದಲ ಸಲ, ಕಣ್ಣು ತಪ್ಪಿಸದೆ ಅವಳನ್ನೇ ನೋಡಿದ.

"ನೀವು ಮೆಟ್ಟಿಲ ಮೇಲೆ ಕೂತು, ಮುಖ ಎತ್ತಿ, ಎದುರಿಗಿರೋರ ಮಾತು ಕೇಳ್ತೀರಲ್ಲ... ಹಾಗೆ ಜೀವನಪೂರ್ತಿ ನನ್ನ ಮಾತೂ ಕೇಳ್ಬೇಕು ಅನ್ಸುತ್ತೆ. ನಂಗೆ ನೀವು ತುಂಬಾ ಇಷ್ಟ."

ಅವಳ ತುಟಿಯಂಚಿನಲ್ಲಿ ನಗು ನಿಧಾನವಾಗಿ ಅರಳಿತು. "ನನಗೂ ನೀವು ಇಷ್ಟ. ನಡೀರಿ, ನಿಮ್ಮವ್ವನ್ನ ಯಾಕ ಕಾಯಸ್ತೀರಿ?"

"ಈಗ್ಲಾ?"

"ಮಾರೇನಹಳ್ಳಿಯಾಗಿನ ನಿಮ್ಮನಿ ಏನ್ ದೂರ ಐತ್ರಿ?"

ಮಾರೇನಹಳ್ಳಿಯ ಮನೆಯ ಮುಂದೆ ಅವನ ತಾಯಿ ಅಕ್ಕಯ್ಯಮ್ಮ ತುಳಸಿಗೆ ನೀರು ಹಾಕುತ್ತಿದ್ದರು. ಮಗನ ಹಿಂದಿನಿಂದ ಇಳಿದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವನು ಜಾಸ್ತಿ ಮಾತಾಡಲ್ಲ ಕಣಮ್ಮ. ಕಷ್ಟ ಆಗಲ್ವಾ?"

"ಈಗ ಚೂರು ಸುರು ಮಾಡ್ಯಾರ್ರೀ. ಉಳಿದದ್ದು ನಾ ಕಲಸ್ತೀನಿ."

ಅಕ್ಕಯ್ಯಮ್ಮ ಗಟ್ಟಿಯಾಗಿ ನಕ್ಕು, ಚೊಂಬು ಕೆಳಗಿಟ್ಟು, ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಯೋಗಾನಂದ ಇನ್ನೂ ಸ್ಕೂಟರಿನ ಕೀ ಹಿಡಿದುಕೊಂಡು ಗೇಟಿನಾಚೆಯೇ ನಿಂತಿದ್ದ. ನೀಲಾಂಬಿಕಾ ಹೊಸ್ತಿಲ ಮೇಲೆ ತಿರುಗಿ ಅವನನ್ನು ಕರೆದಳು:

"ಯಾಕ ಹೊರಗ ನಿಂತೀರಿ? ಒಳಗ ಬರ್ರಿ, ನಿಮ್ಮನೀನ ಇದು."