ಹಗ್ಗದ ತುದಿಯ ಗಂಟು

“ಏಯ್! ಕಲ್ಲು... ಕಲ್ಲು! ಪಕ್ಕಕ್ಕೆ ಸರ್ಕೊಳ್ರೀ!”

ವನಮಾಲಾ ತಲೆಯೆತ್ತುವಷ್ಟರಲ್ಲಿ ತೆಂಗಿನಕಾಯಿ ಗಾತ್ರದ ಸುಣ್ಣಕಲ್ಲೊಂದು ಅವಳ ಪಕ್ಕದಲ್ಲೇ ಬಿದ್ದು ಚೂರಾಯಿತು. ಬುತ್ತಿ ಡಬ್ಬಿ ಕೈಯಿಂದ ಜಾರಿತು. ಹೊಸ ದಾವಣಿಯ ತುಂಬ ಬಿಳಿ ಧೂಳು!

ಮೇಲೆ ಬಂಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದ ಹುಡುಗ ನಾಲಿಗೆ ಕಚ್ಚಿಕೊಂಡ.

“ಕಣ್ಣು ಕಾಣ್ಸಲ್ವೇನ್ರೀ ನಿಮ್ಗೆ?” ವನಮಾಲಾ ಕೂಗಿದಳು.

“ಕಾಣ್ಸುತ್ತೆ... ಅದ್ಕೇ ಕೈ ಜಾರಿದ್ದು!”

ಎಷ್ಟು ಕೊಬ್ಬು ಇವನಿಗೆ! ಅವಳು ಸಿಟ್ಟಿನಿಂದ ಮುಖ ತಿರುಗಿಸಿದಳು. ತುಟಿ ಮಾತ್ರ ಅವಳ ಮಾತು ಕೇಳದೆ ನಕ್ಕುಬಿಟ್ಟಿತು.

ಬಂಡೆಯ ತುದಿಯಲ್ಲಿ ಹಗ್ಗ ಹಿಡಿದು ಕೂತಿದ್ದ ಅವಳ ಅಣ್ಣ ಲಕ್ಷ್ಮೀಪತಿ ಹೊಟ್ಟೆ ಹಿಡಿದುಕೊಂಡು ನಗುವಂತೆಯೂ ಇರಲಿಲ್ಲ. ಕೈಯಲ್ಲಿ ಗೆಳೆಯನ ಜೀವ ಇತ್ತಲ್ಲ! “ಇವನೇ ಕಣೇ ದೇವೀರಪ್ಪ. ಯಗಟಿಯೋನು,” ಎಂದು ಅಲ್ಲಿಂದಲೇ ಕೂಗಿದ.

ಅದು ಎಪ್ಪತ್ತೇಳನೆಯ ಇಸವಿ. ಅಣ್ಣ ತಂಗಿ ಅಜ್ಜಂಪುರದ ಸ್ಟೇಷನ್ ಮಾಸ್ಟರ್ ಕೃಷ್ಣಸ್ವಾಮಿಯವರ ಮಕ್ಕಳು. ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ ಬಂಡೆ ಹತ್ತುವುದನ್ನು ಕಲಿತು ಬಂದ ಗೆಳೆಯರಿಬ್ಬರಿಗೂ ಊರಾಚೆಯ ಬಿಳಿಗಲ್ಲು ಗುಡ್ಡದ ಹುಚ್ಚು ಹಿಡಿದಿತ್ತು. ಕುರಿ ಕಾಯುವ ಬೀರಯ್ಯ ನೋಡಿ ನೋಡಿ ನಗುತ್ತಿದ್ದ. “ಹಿಂದ್ಗಡೆ ಕುರಿ ದಾರಿ ಐತಲ್ರಪ್ಪಾ! ಗೋಡೆ ಹತ್ತೋ ಕರ್ಮ ಯಾಕೆ?”

ಒಬ್ಬ ಕುರಿ ದಾರಿಯಲ್ಲಿ ತುದಿಗೆ ಹೋಗಿ ಹಗ್ಗ ಇಳಿಬಿಟ್ಟು ಹಿಡಿದು ಕೂರುವುದು, ಇನ್ನೊಬ್ಬ ಕೆಳಗೆ ಅದನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡು ಹತ್ತುವುದು, ಅದೇ ಅವರ ಆಟ. ಆಟಕ್ಕೊಂದು ನೇಮವೂ ಇತ್ತು. ಹತ್ತುವ ಮೊದಲು ಮೇಲಿನವನು “ಗಂಟು?” ಎಂದು ಕೇಳಬೇಕು. ಕೆಳಗಿನವನು ಗಂಟನ್ನು ಮುಟ್ಟಿ ನೋಡಿ “ಸರಿಯಾಗಿದೆ, ಎಳ್ಕೋ!” ಎನ್ನಬೇಕು.

ಭಾನುವಾರ ಬಂದರೆ ಬುತ್ತಿ ಹೊರುವ ನೆಪ ವನಮಾಲಾಗೆ. ಆ ಬುತ್ತಿಯಲ್ಲಿ ಕೋಡುಬಳೆ ಯಾರಿಗಾಗಿ ಹೆಚ್ಚಾಗುತ್ತಿತ್ತು ಎಂಬುದು ಅಣ್ಣನೊಬ್ಬನಿಗೆ ಗೊತ್ತಿರಲಿಲ್ಲ!

“ನಮ್ ಜಾತಿ ಬೇರೆ, ನಿಮ್ ಜಾತಿ ಬೇರೆ. ನಿಮ್ಮಪ್ಪ ಒಪ್ತಾರೇನೇ?” ಒಂದು ದಿನ ದೇವೀರಪ್ಪ ಮೆಲ್ಲಗೆ ಕೇಳಿದ.

“ಅಣ್ಣ ಒಪ್ಪಿದ್ರೆ ಅಪ್ಪ ಒಪ್ಪಿದ ಹಾಗೇ.”

“ಹಂಗಾದ್ರೆ ಅವನಿಗೆ ನೀನೇ ಹೇಳು. ನಂಗೆ ಆ ಬಂಡೆಗಿಂತ ಅವನೇ ಭಯ!”

ಆ ಭಾನುವಾರ ದೇವೀರಪ್ಪ ಗುಡ್ಡದ ತುದಿಯಲ್ಲಿದ್ದ. ಕೆಳಗೆ ಲಕ್ಷ್ಮೀಪತಿ ಹಗ್ಗದ ತುದಿಯನ್ನು ಸೊಂಟದ ಪಟ್ಟಿಯೊಳಗೆ ತೂರಿಸುತ್ತಿದ್ದ. ಈಗ ಬಿಟ್ಟರೆ ಇನ್ನು ಧೈರ್ಯ ಬರುವುದಿಲ್ಲ ಎನ್ನಿಸಿತು ವನಮಾಲಾಗೆ.

“ಅಣ್ಣಾ... ಒಂದ್ ಮಾತು.”

ಅವನು ಕೈಯಲ್ಲಿದ್ದದ್ದನ್ನು ಬಿಟ್ಟು ತಿರುಗಿದ. ಅವಳು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿಬಿಟ್ಟಳು.

ಆಮೇಲೆ ಅಣ್ಣ ಅವಳ ಜಡೆ ಹಿಡಿದು ಜಗ್ಗಿದ, ತಬ್ಬಿಕೊಂಡ, ಕುಣಿದ! “ಕಳ್ಳಿ! ಇಷ್ಟು ದಿನ ನನ್ಗೇ ಟೋಪಿ ಹಾಕಿದ್ಯಾ?” ಎಂದವನೇ ಬಂಡೆಯತ್ತ ಮುಖಮಾಡಿ ಗಂಟಲು ಹರಿಯುವಂತೆ ಕೂಗಿದ.

“ಲೇ ಭಾವಾ! ಎಳ್ಕೊಳೋ ಹಗ್ಗ!”

ಮೇಲಿನಿಂದ ಸಂತೋಷದ ಕೇಕೆಯೊಂದು ಕೇಳಿಬಂತು. ಹಗ್ಗ ಮೆಲ್ಲಗೆ ಮೇಲಕ್ಕೆ ಸರಿಯಿತು.

ಅಣ್ಣ ಹಾಡು ಗುನುಗುತ್ತಲೇ ಮುಕ್ಕಾಲು ಬಂಡೆ ಹತ್ತಿದ್ದ. ಅವನು ಹಿಡಿದಿದ್ದ ಚಕ್ಕೆ ಕಳಚಿತು. ಹಗ್ಗ ಇದೆಯಲ್ಲ ಎಂದು ವನಮಾಲಾ ನಗುತ್ತಲೇ ನೋಡುತ್ತಿದ್ದಳು.

ಹಗ್ಗ ಅವನನ್ನು ಹಿಡಿಯಲಿಲ್ಲ.

ಕುರಿ ದಾರಿಯಲ್ಲಿ ಬಿದ್ದು ಎದ್ದು ಓಡಿಬಂದ ದೇವೀರಪ್ಪ ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆ ತಲೆ ಮತ್ತೆ ಮೇಲೇಳಲಿಲ್ಲ.

“ಏನಾಯ್ತೋ? ಹಗ್ಗ ಹಿಡ್ದಿದ್ದೋನು ನೀನಲ್ವೇನೋ?” ವನಮಾಲಾ ಅವನ ಅಂಗಿ ಹಿಡಿದು ಕಿರುಚಿದಳು.

ದೇವೀರಪ್ಪ ಅವಳ ಮುಖವನ್ನೇ ದಿಟ್ಟಿಸಿದ. ಗೆಳೆಯನ ಸೊಂಟದ ಪಟ್ಟಿಯನ್ನೊಮ್ಮೆ ನೋಡಿದ. ಏನನ್ನೋ ನುಂಗಿಕೊಂಡ.

“ನನ್ ಕೈ ಜಾರ್ತು... ನಾನೇ ಹಗ್ಗ ಬಿಟ್ಬಿಟ್ಟೆ.”

“ಹಾಳಾಗ್ ಹೋಗು! ಸಾಯೋ ತನಕ ನಂಗೆ ಮುಖ ತೋರಿಸ್ಬೇಡ!”

ಅವನು ತೋರಿಸಲಿಲ್ಲ.

ವರ್ಷಗಳು ಉರುಳಿದವು. ವನಮಾಲಾ ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಆದಳು. ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ದೇವೀರಪ್ಪ ಯಗಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಮದುವೆಯಾಗಿಲ್ಲ, ಏಣಿ ಕೂಡ ಹತ್ತುವುದಿಲ್ಲ ಎಂದು ಯಾರೋ ಬಸ್ಸಿನಲ್ಲಿ ಹೇಳಿದಾಗ ಕಿಟಕಿಯತ್ತ ತಿರುಗಿದಳು. ದ್ವೇಷಿಸುವವನ ಸುದ್ದಿ ಕೇಳಿದರೆ ಕಣ್ಣು ಯಾಕೆ ತುಂಬಬೇಕು? ಅವಳು ತನ್ನನ್ನೇ ಬೈದುಕೊಂಡಳು.

ಎಂಬತ್ತಾರರಲ್ಲಿ ಶಾಲೆಯ ಹುಡುಗಿಯರಿಗೆ ಬಿಳಿಗಲ್ಲು ಗುಡ್ಡದಲ್ಲೇ ಸಾಹಸ ಶಿಬಿರ ನಡೆಯಿತು. ಒಲ್ಲೆ ಎಂದರೂ ಕೇಳದೆ ಹೆಡ್‌ಮಿಸ್ ಅವಳನ್ನೇ ಜೊತೆಗೆ ಕಳಿಸಿದರು.

ಹಗ್ಗ ಕಟ್ಟಿಕೊಳ್ಳುತ್ತಿದ್ದ ಹುಡುಗಿಯ ಜೊತೆ ಗೆಳತಿಯೊಬ್ಬಳು ಹರಟುತ್ತಿದ್ದಳು. ತರಬೇತಿ ಕೊಡಲು ಬಂದಿದ್ದ ಸೀತಾದೇವಿ ಗದರಿದರು.

“ಗಂಟು ಹಾಕೋವಾಗ ಯಾರೂ ಮಾತಾಡಿಸ್ಬಾರ್ದು! ನೋಡಿ ಇಲ್ಲಿ. ಹಗ್ಗದಲ್ಲಿ ಮೊದಲು ಒಂಟಿ ಗಂಟು. ತುದೀನ ಪಟ್ಟಿಗೆ ತೂರಿಸಿ, ಅದೇ ಗಂಟಿನ ಜಾಡು ಹಿಡಿದು ವಾಪಸ್ ಹೆಣೆದ್ರೆ ಜೋಡಿ ಗಂಟು. ಮಧ್ಯೆ ಮಾತಿಗೆ ತಿರುಗಿದ್ರೆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಕಟ್ಟಿದ ಹಾಗೇ ಕಾಣುತ್ತೆ... ಬಿದ್ದಾಗ ತುದಿ ಜಾರಿ ಆಚೆ ಬರುತ್ತೆ. ಹಗ್ಗ ಮೇಲೇ ಉಳಿಯುತ್ತೆ, ಮನುಷ್ಯ ಕೆಳಗೆ.”

ಹಗ್ಗ ಮೇಲೇ ಉಳಿಯುತ್ತೆ!

ಅಂದು ಬಂಡೆಯ ಮೇಲೆ ಗಾಳಿಗೆ ತೂಗಾಡುತ್ತಿದ್ದ ಹಗ್ಗ ವನಮಾಲಾಳ ಕಣ್ಣಮುಂದೆ ಬಂತು. ದೇವೀರ ಕೈಬಿಟ್ಟಿದ್ದರೆ ಅದೂ ಅಣ್ಣನ ಜೊತೆ ಕೆಳಗೆ ಬೀಳಬೇಕಿತ್ತಲ್ಲ! ಸಂಜೆ ಬೀರಯ್ಯ ಗುಡ್ಡ ಹತ್ತಿ ಅದನ್ನು ಎಳೆದು ತಂದು ಮನೆಗೆ ಕೊಟ್ಟಿದ್ದ. ಅಪ್ಪ ಅಟ್ಟಕ್ಕೆ ಎಸೆದಿದ್ದರು.

ಅಂದೇ ಅಜ್ಜಂಪುರಕ್ಕೆ ಓಡಿದಳು. ಅಟ್ಟದ ಧೂಳಿನಲ್ಲಿ ಹಗ್ಗ ಹಾಗೆಯೇ ಇತ್ತು. ತುದಿಯ ಹತ್ತಿರ ಗಂಟೂ ಇತ್ತು.

ಒಂಟಿ ಗಂಟು.

“ಅಣ್ಣಾ... ಒಂದ್ ಮಾತು” ಎಂದ ತನ್ನದೇ ದನಿ ಕಿವಿಯಲ್ಲಿ ಮೊಳಗಿತು. ವನಮಾಲಾ ಅಟ್ಟದ ಮೇಲೇ ಕುಸಿದಳು. ಅಳು ಕೂಡ ಬರಲಿಲ್ಲ.

ಮರುದಿನ ಯಗಟಿಯಲ್ಲಿ ಗಿರಣಿ ಭರ್ರೆನ್ನುತ್ತಿತ್ತು. ಮೈತುಂಬ ರಾಗಿ ಹಿಟ್ಟು ಮೆತ್ತಿಕೊಂಡಿದ್ದ ದೇವೀರಪ್ಪ ಬಾಗಿಲಲ್ಲಿ ನಿಂತವಳನ್ನು ನೋಡಿದ. ಅವಳ ಕೈಯಲ್ಲಿದ್ದ ಹಗ್ಗವನ್ನೂ ನೋಡಿದ. ಮೆಲ್ಲಗೆ ಗಿರಣಿ ನಿಲ್ಲಿಸಿದ.

“ಗೊತ್ತಾಯ್ತಾ?” ಎಂದ.

“ಯಾಕೋ ಸುಳ್ಳು ಹೇಳ್ದೆ? ನಾನೇ... ನನ್ ಮಾತೇ ಅಣ್ಣನ್ನ...”

“ಅದ್ಕೇ ಹೇಳ್ದೆ ಕಣೇ. ನನ್ನ ದ್ವೇಷಿಸ್ಕೊಂಡಾದ್ರೂ ನೀನು ಬದುಕ್ತೀಯ ಅನ್ಸ್ತು. ನಿನ್ನನ್ನೇ ದ್ವೇಷಿಸ್ಕೊಂಡಿದ್ರೆ ಬದುಕ್ತಿರ್ಲಿಲ್ಲ.”

ವನಮಾಲಾ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷದ ಅಳು!

“ಪೂರ್ತಿ ಸುಳ್ಳೇನಲ್ಲ, ವನಾ.” ಅವನು ಹಗ್ಗದ ಗಂಟನ್ನೇ ನೋಡಿದ. “ಪ್ರತಿಸಲ ಗಂಟು ಅಂತ ಕೇಳ್ತಿದ್ನಲ್ಲ... ಅವತ್ತು ಕೇಳ್ಲಿಲ್ಲ. ಅವನು ಭಾವಾ ಅಂದ್ಬಿಟ್ಟ! ಆ ಖುಷೀಲಿ ಮರೆತೇ ಹೋಯ್ತು.”

ಲಕ್ಷ್ಮೀಪತಿ ಸಂತೋಷದಲ್ಲೇ ಹೋದ, ಇವರಿಬ್ಬರ ಸಂತೋಷಕ್ಕಾಗಿಯೇ ಹೋದ. ಅದನ್ನು ಹೊತ್ತುಕೊಳ್ಳಲು ಒಬ್ಬೊಬ್ಬರಿಂದ ಆಗುವಂತಿರಲಿಲ್ಲ.

ವನಮಾಲಾ ಕಣ್ಣೊರೆಸಿಕೊಂಡು ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿ ತುದಿಯನ್ನು ಅವನತ್ತ ಚಾಚಿದಳು.

“ಅಣ್ಣ ಬಿಟ್ಟು ಹೋಗಿದ್ದನ್ನ ನೀನು ಮುಗಿಸು, ದೇವೀರ.”

“ಬೇಡ ಕಣೇ... ಕೈ ನಡುಗುತ್ತೆ.”

“ನಡುಗ್ಲಿ. ನಾನು ಮಾತಾಡಿಸಲ್ಲ.”

ಹಿಟ್ಟು ಮೆತ್ತಿದ ಬೆರಳುಗಳು ಹಳೆಯ ಗಂಟಿನ ಜಾಡು ಹಿಡಿದು ನಿಧಾನವಾಗಿ ವಾಪಸು ಬಂದವು. ಮಾತು ಕೊಟ್ಟಂತೆ ಅವಳು ಉಸಿರು ಕೂಡ ಬಿಗಿಹಿಡಿದು ನಿಂತಿದ್ದಳು. ಕಣ್ಣೀರು ಮಾತ್ರ ಅವನ ಕೈಮೇಲೆ ಬೀಳುತ್ತಿತ್ತು.

ಕೊನೆಯ ಎಳೆ ಬಿಗಿದು ಅವನು ಅವಳ ಮುಖ ನೋಡಿದ.

“ಗಂಟು?”

ಅವಳು ಮುಟ್ಟಿ ನೋಡಿದಳು.

“ಸರಿಯಾಗಿದೆ... ಎಳ್ಕೋ.”